ಹಗೇವು, ತಳಘರ ಮತ್ತು ನೀರು

'ಹಗೆ' ಎಂದು ಉಚ್ಚರಿಸುವ ಎರಡು ಶಬ್ದಗಳು ಕನ್ನಡದಲ್ಲಿವೆ. ವೈರ, ವೈರಿ ಎಂಬ ಅರ್ಥದ್ದು ಎಲ್ಲರೂ ಬಲ್ಲುದು. ಕಾಳನ್ನು ತುಂಬಿಡಲು ನೆಲದೊಳಗೆ ತೋಡಿದ ಕುಣಿ ಎಂಬ ಅರ್ಥದ್ದು ಇನ್ನೊಂದು. ನಮ್ಮ ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಅದೇ ಹಗೇವು. ಈ ಎರಡನೆಯ ಹಗೆಗೆ ಹುಟ್ಟುಹಗೆಯಾಗಿ ನಿಂತದ್ದು ನೀರು. ಆ ವೈರದ ಕಥೆಯನ್ನು ಇಂದು ಹೇಳಬೇಕೆಂದಿದ್ದೇನೆ. ನೆಲದ ಕೆಳಗೊಂದು ಒಣ ಕೋಣೆ ಬೇಕೆಂಬುದು ಮನುಷ್ಯನ ಬಹು ಹಳೆಯ ಆಸೆ. ಅದನ್ನು ನಮ್ಮ ಹಿಂದಿನವರು ಹೇಗೆ ಪಡೆದರು, ಪಡೆದದ್ದನ್ನು ನಾವು ಹೇಗೆ ಕಳೆದುಕೊಂಡೆವು ಎಂಬುದಕ್ಕೆ ನಮ್ಮ ಊರೇ ಒಂದು ನಿದರ್ಶನ. ನಮ್ಮ ಮನೆಯೂ ಹೌದು.

ನಮ್ಮ ಊರು ಉಗಾರ ಖುರ್ದ. ಖುರ್ದ ಎಂದರೆ ಪಾರಸಿಯಲ್ಲಿ ಚಿಕ್ಕದು. ಬುಜುರ್ಗ ಎಂದರೆ ದೊಡ್ಡದು, ಅದೇ ಮರಾಠಿಯ ಬಾಯಲ್ಲಿ ಬುದ್ರುಕವಾಯಿತು. ಉಗಾರ ಬುದ್ರುಕ ಸಮೀಪದಲ್ಲೇ ಇದೆ. ಹೆಸರಿನಲ್ಲಿ ಚಿಕ್ಕದಾದ ನಮ್ಮ ಊರು ಸಕ್ಕರೆ ಕಾರಖಾನೆ ಬಂದ ಮೇಲೆ ದೊಡ್ಡದಾಯಿತು, ಹೆಸರು ಮಾತ್ರ ಹಾಗೆಯೇ ಉಳಿಯಿತು. ಮೊದಲು ಅಥಣಿ ತಾಲೂಕಿನಲ್ಲಿತ್ತು, ಈಗ ಕಾಗವಾಡ ತಾಲೂಕಿನಲ್ಲಿದೆ. ಕೃಷ್ಣೆಯ ಈ ದಂಡೆಯಲ್ಲಿ ನಾವು, ಆ ದಂಡೆಯಲ್ಲಿ ಕುಡಚಿ. ನಡುವಣ ಸೇತುವೆ ಹೊಳೆ ಏರಿದಾಗಲೆಲ್ಲ ಮುಳುಗುತ್ತದೆ. ಅದು ಮುಳುಗಿತೆಂದರೆ ಮಳೆಗಾಲ ತನ್ನ ಪೂರ್ಣರೂಪ ತೋರಿತೆಂದು ನಮ್ಮವರ ಲೆಕ್ಕ.

ಹೊಳೆಯ ಮಗ್ಗುಲಲ್ಲೇ ಹೊಟ್ಟೆಗೆ ಬೇಕಾದ ಜೋಳವನ್ನು ನೆಲದೊಳಗೆ ಇಡುತ್ತಿದ್ದರೆಂದರೆ ಕೇಳುವವರಿಗೆ ಸೋಜಿಗವಾದೀತು. ಆದರೆ ಹಗೇವು ತೋಡುವವನು ಕಂಡಲ್ಲಿ ಹಾರೆ ಹಾಕುತ್ತಿರಲಿಲ್ಲ. ನಮ್ಮ ಕಡೆಯ ಎರೆಮಣ್ಣು ಬೇಸಗೆಯಲ್ಲಿ ಕೈ ಹೋಗುವಷ್ಟು ಬಿರಿಯುತ್ತದೆ, ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ. ಅದರೊಳಗಿನ ಗೋಡೆ ಒಂದು ವರ್ಷ ನಿಲ್ಲದು. ಊರ ದಿನ್ನೆಯ ಮೇಲೆ, ಎರೆಯ ಕೆಳಗೆ ಗಟ್ಟಿ ಗರಸು ಹತ್ತುವ ಜಾಗವನ್ನೇ ಹುಡುಕಬೇಕು. ನೀರು ಸಿಗುವ ಜಾಗವನ್ನು ಬಾವಿ ತೋಡುವವನು ಹುಡುಕಿದಂತೆ, ನೀರು ಸಿಗದ ಜಾಗವನ್ನು ಹಗೇವು ತೋಡುವವನು ಹುಡುಕುತ್ತಿದ್ದ. ವಿದ್ಯೆ ಒಂದೇ, ಬೇಡಿಕೆ ಮಾತ್ರ ತಿರುವುಮುರುವು. ಕ್ರಿ.ಶ. ೧೦೨೫ರ ಸುಮಾರಿಗೆ ಚಾಲುಕ್ಯ ಜಯಸಿಂಹನ ಕಾಲದಲ್ಲಿ ಇಮ್ಮಡಿ ಚಾವುಂಡರಾಯನು ಕನ್ನಡದಲ್ಲಿ ಬರೆದ 'ಲೋಕೋಪಕಾರ'ದಲ್ಲಿ ವಾಸ್ತುವಿನ ವಿಚಾರವೂ ಇದೆ, ನೆಲದೊಳಗಿನ ನೀರನ್ನು ಗುರುತಿಸುವ ಉದಕಾರ್ಗಳದ ವಿಚಾರವೂ ಇದೆ. ಮನೆ ಕಟ್ಟುವವನು ನೀರಿನ ನಡೆಯನ್ನೂ ಅರಿತಿರಬೇಕೆಂಬ ಎಚ್ಚರ ಆ ಗ್ರಂಥದ ಕಾಲಕ್ಕೇ ಇತ್ತೆಂದು ನಾನು ತಿಳಿಯುತ್ತೇನೆ. ಕನ್ನಡ ಎಂ.ಎ. ತರಗತಿಗಳಲ್ಲಿ ನಾವು ಇಂಥ ಶಾಸ್ತ್ರಗ್ರಂಥಗಳನ್ನು ಹೆಸರಿಸಿ ಮುಂದೆ ಸಾಗುತ್ತೇವೆ. ನಾನೂ ಮೂವತ್ತು ವರ್ಷ ಹಾಗೆಯೇ ಸಾಗಿದವನು.

ಹಗೇವಿನ ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು ಕಿರಿದು, ಹೊಟ್ಟೆ ಗಡಿಗೆಯಂತೆ ಅಗಲ, ಆಳ ಎರಡಾಳಿನಷ್ಟು. ತೋಡಿದ ಬಳಿಕ ಒಳಗೆ ಬೆಂಕಿ ಹಾಕಿ ಗೋಡೆಯ ಹಸಿಯನ್ನು ಆರಿಸುವರು. ತಳಕ್ಕೆ ಹೊಟ್ಟು, ಸುತ್ತಲೂ ಒಣ ಕಣಕಿಯ ಒತ್ತು. ಇಲ್ಲೊಂದು ಸೂಕ್ಷ್ಮವಿದೆ. ಗೋಡೆಯಿಂದ ಹಸಿ ಬರುವುದೇ ಇಲ್ಲವೆಂದು ಅವರು ನಂಬಿರಲಿಲ್ಲ. ಬರುವ ಅಷ್ಟಿಷ್ಟು ಹಸಿಯನ್ನು ಕಣಕಿ ಹೀರಿಕೊಳ್ಳಲಿ, ಜೋಳಕ್ಕೆ ತಾಗದಿರಲಿ ಎಂಬುದು ಅವರ ಉಪಾಯ. ಮೇಲೆ ಹಾಸುಗಲ್ಲು ಮುಚ್ಚಿ ಸಂದಿಗೆ ಕೆಸರು ಮೆತ್ತುವರು. ಒಳಗೆ ಕಾಳು ಉಸಿರಾಡಿ ಪ್ರಾಣವಾಯು ತೀರುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ, ಹುಳು ಸಾಯುತ್ತದೆ. ಅದೇ ಗಾಳಿಗೆ ಆತುರಪಟ್ಟು ಇಳಿದ ಮನುಷ್ಯನೂ ಸಾಯುತ್ತಾನೆ. ಆದ್ದರಿಂದ ಕಲ್ಲು ಸರಿಸಿ ಹೊತ್ತುಗಟ್ಟಲೆ ಬಿಟ್ಟು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು, ದೀಪ ಆರದಿದ್ದರೆ ಮಾತ್ರ ಆಳು ಇಳಿಯುವನು. ಜೋಳದಲ್ಲಿ ನೂರಕ್ಕೆ ೧೨-೧೩ ಭಾಗಕ್ಕಿಂತ ಹೆಚ್ಚು ತೇವ ಸೇರಿದರೆ ಬೂಸು ಹಿಡಿಯುತ್ತದೆ ಎಂದು ಇಂದಿನ ಶಾಸ್ತ್ರ ಹೇಳುತ್ತದೆ. ನಮ್ಮ ಆಯಿ ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು, ಕಟ್ಟೆಂದರೆ ತುಂಬಿಸು ಎನ್ನುತ್ತಿದ್ದಳು, ಮೆತ್ತಗಾದರೆ ಇನ್ನೆರಡು ಬಿಸಿಲು ತೋರಿಸು ಎನ್ನುತ್ತಿದ್ದಳು.

ಇದು ಕಾಳಿನ ಮಾತಾಯಿತು. ಮನುಷ್ಯರು ಇಳಿದು ನಡೆದಾಡುವ ನೆಲಮನೆ ಬೇರೆ. ಮರಾಠಿಯ ನೆರೆಯಿಂದಾಗಿ ನಮ್ಮೂರಲ್ಲಿ ಅದನ್ನು ತಳಘರ ಎನ್ನುತ್ತಾರೆ. ಕಣಕಿಯ ಒತ್ತು ಅಲ್ಲಿ ಸಾಲದು, ಗೋಡೆಗೇ ಒಂದು ಲೇಪ ಬೇಕು. ಈ ಲೇಪದ ಇತಿಹಾಸ ರಮ್ಯವಾದದ್ದು. ಆರನೆಯ ಶತಮಾನದ ವರಾಹಮಿಹಿರನು 'ಬೃಹತ್ಸಂಹಿತೆ'ಯಲ್ಲಿ ವಜ್ರಲೇಪಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಎಳೆಯ ಬೇಲದ ಕಾಯಿ, ಬೂರುಗದ ಹೂ, ಬಜೆ ಮೊದಲಾದವನ್ನು ನೀರಿನಲ್ಲಿ ಕುದಿಸಿ ಎಂಟರಲ್ಲೊಂದು ಪಾಲಿಗೆ ಇಳಿಸಿ, ಅಂಟುಗಳನ್ನು ಬೆರೆಸಿ, ಬಿಸಿಯಿರುವಾಗಲೇ ದೇಗುಲ, ಗೋಡೆ, ಬಾವಿ, ಮೂರ್ತಿಗಳಿಗೆ ಹಚ್ಚಬೇಕು. ಅದು ಬಾಳುವ ಅವಧಿಯನ್ನೂ ಆತ ಹೇಳಿದ್ದಾನೆ; ಲೆಕ್ಕ ಹಾಕಿದರೆ ಒಂದು ಕೋಟಿ ವರ್ಷವಾಗುತ್ತದೆ. ಇಂದಿನ ಲೇಪದ ಡಬ್ಬಿಗಳ ಮೇಲೆ ಅಚ್ಚಾದ ಹತ್ತು ವರ್ಷದ ಭರವಸೆಯನ್ನು ಓದುವಾಗಲೆಲ್ಲ ನನಗೆ ವರಾಹಮಿಹಿರನ ಔದಾರ್ಯ ನೆನಪಾಗುತ್ತದೆ.

ಕೋಟಿ ವರ್ಷದ ಮಾತು ಹಾಗಿರಲಿ, ಕೆಲವು ಶತಮಾನ ಬಾಳಿದ ಲೇಪ ನಮ್ಮಲ್ಲಿ ಇದ್ದದ್ದು ನಿಜ. ಅದು ಗಚ್ಚು. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಮರಳನ್ನೂ ಇಟ್ಟಿಗೆಯ ಪುಡಿಯನ್ನೂ ಕೂಡಿಸಿ, ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಹಾಕಿ, ಎತ್ತು ಕಟ್ಟಿದ ಕಲ್ಲಿನ ಗಾಣದಲ್ಲಿ ಬೆಣ್ಣೆಯಾಗುವಂತೆ ಅರೆಯುವುದು. ಇದರಲ್ಲಿ ಇಟ್ಟಿಗೆಯ ಪುಡಿಯ ಪಾತ್ರ ದೊಡ್ಡದು. ಬರಿಯ ಸುಣ್ಣ ಗಾಳಿಯಿಂದ ಗಟ್ಟಿಯಾಗುತ್ತದೆ. ಗಾಳಿಯಾಡದ ಹಸಿ ನೆಲದಲ್ಲಿ ಅದು ಹಸಿಯಾಗಿಯೇ ಉಳಿದೀತು. ಸುಟ್ಟ ಮಣ್ಣು ಬೆರೆತಾಗ ಎರಡೂ ಸೇರಿ ನೀರಿನಲ್ಲೂ ಕಲ್ಲಾಗುತ್ತವೆ. ಕ್ರಿಸ್ತಪೂರ್ವ ಒಂದನೆಯ ಶತಮಾನದ ರೋಮನ್ ವಾಸ್ತುಕಾರ ವಿಟ್ರುವಿಯಸ್ ಇದನ್ನೇ ಹೇಳಿದ್ದಾನೆ: ತೇವದ ಕೋಣೆಯಲ್ಲಿ ನೆಲದಿಂದ ಮೂರು ಅಡಿಯವರೆಗೆ ಮರಳಿನ ಬದಲು ಹೆಂಚಿನ ಪುಡಿ ಬೆರೆಸಿದ ಗಾರೆಯನ್ನು ಬಳಿಯಬೇಕು, ತೇವ ಬಿಡದಿದ್ದರೆ ಗೋಡೆಗೆ ಅಂಟದಂತೆ ಒಳಗೊಂದು ತೆಳು ಗೋಡೆ ಎತ್ತಿ, ನಡುವೆ ಕಾಲುವೆ ಬಿಟ್ಟು, ನೀರು ಹೊರಹೋಗಲು ಕಂಡಿ ಇಡಬೇಕು. ೧೭೫೦ರ ದಶಕದಲ್ಲಿ ಇಂಗ್ಲೆಂಡಿನ ಸ್ಮೀಟನ್ ಸಮುದ್ರದ ನಡುವೆ ಎಡ್ಡಿಸ್ಟೋನ್ ದೀಪಸ್ತಂಭವನ್ನು ಕಟ್ಟುವಾಗ, ಮಣ್ಣಿನ ಅಂಶವುಳ್ಳ ಸುಣ್ಣ ನೀರಿನಲ್ಲಿ ಗಟ್ಟಿಯಾಗುವುದೆಂದು ಪ್ರಯೋಗದಿಂದ ಕಂಡುಕೊಂಡ. ಅಲ್ಲಿಂದ ಹೊರಟ ದಾರಿ ೧೮೨೪ರಲ್ಲಿ ಆಸ್ಪ್ಡಿನ್ ಪಡೆದ ಪೋರ್ಟ್‌ಲೆಂಡ್ ಸಿಮೆಂಟಿನ ಹಕ್ಕುಪತ್ರಕ್ಕೆ ಮುಟ್ಟಿತು. ಆದರೂ ೧೯೧೧ರಲ್ಲಿ ಆರಂಭವಾದ ನಮ್ಮ ಕನ್ನಂಬಾಡಿ ಕಟ್ಟೆ ಎದ್ದದ್ದು ಮುಖ್ಯವಾಗಿ ಸುಣ್ಣ ಮತ್ತು ಇಟ್ಟಿಗೆಪುಡಿಯ ಸುರ್ಕಿ ಗಾರೆಯಿಂದಲೇ.

ಇಷ್ಟಾದರೂ ಲೇಪವೊಂದರಿಂದಲೇ ನೀರನ್ನು ಗೆದ್ದವರು ಇಲ್ಲ. ಹಂಪೆಗೆ ಹೋದವರು ಅಲ್ಲಿಯ ಭೂಗತ ಶಿವಾಲಯವನ್ನು ನೋಡಿರಬೇಕು; ಪ್ರಸನ್ನ ವಿರೂಪಾಕ್ಷನ ಗುಡಿ ಅದು. ಸುತ್ತಲಿನ ನೆಲಕ್ಕಿಂತ ತಗ್ಗಿನಲ್ಲಿದ್ದು, ಮಾಡು ನೆಲಮಟ್ಟಕ್ಕೆ ಸಮನಾಗಿ ಕಾಣುತ್ತದೆ. ಮಳೆಗಾಲದಲ್ಲಿ ಗರ್ಭಗುಡಿಯಲ್ಲಿ ನೀರು ನಿಂತಿರುತ್ತದೆ. ಕಲ್ಲಿಗೇನೂ ಕುಂದಿಲ್ಲ, ಕಟ್ಟಿದವರ ಕೈಗೂ ಕುಂದಿಲ್ಲ. ಸುತ್ತಲಿನ ನೆಲದ ನೀರು ತಗ್ಗಿಗೆ ಬಂದು ನಿಲ್ಲುತ್ತದೆ, ಅಷ್ಟೆ.

ನಮ್ಮ ಊರಿನ ನೆಲಕ್ಕೂ ಇದೇ ಆಯಿತು. ೧೯೩೯ರಲ್ಲಿ ಉಗಾರ ಶುಗರ್ ವರ್ಕ್ಸ್ ಸ್ಥಾಪನೆಯಾಯಿತು. ಜೋಳ, ಕಡಲೆ, ಹತ್ತಿಗಳ ಹೊಲಗಳು ಬರಬರುತ್ತ ಕಬ್ಬಿನ ಗದ್ದೆಗಳಾದವು. ಹೊಳೆಗೆ ಪಂಪುಗಳು ಕೂತವು. ಜೋಳಕ್ಕೆ ಮಳೆ, ಮಂಜು ಸಾಕು. ಕಬ್ಬಿಗೆ ವರ್ಷವಿಡೀ ನೀರು ಬೇಕು. ಕಬ್ಬು ಕುಡಿದು ಉಳಿದ ನೀರು ಕೆಳಗಿಳಿದು ನೆಲದೊಳಗಿನ ನೀರಿನ ಮಟ್ಟವನ್ನು ಅಂಗುಲ ಅಂಗುಲವಾಗಿ ಏರಿಸಿತು. ಏರಿದ ನೀರು ಮಣ್ಣಿನ ಉಪ್ಪನ್ನು ಮೇಲಕ್ಕೆ ತಂದಿತು. ಸವಳು-ಜವಳು ಎಂಬ ಜೋಡುನುಡಿ ಅಥಣಿ, ಚಿಕ್ಕೋಡಿ, ರಾಯಬಾಗದ ರೈತನ ಬಾಯಲ್ಲಿ ನಿತ್ಯದ್ದಾಯಿತು. ಸವಳೆಂದರೆ ಉಪ್ಪು, ಜವಳೆಂದರೆ ನೀರು ನಿಂತ ಜೌಗು. ಹೊಲದ ಜವಳನ್ನು ಕುರಿತು ಬೇಕಾದಷ್ಟು ಬರೆದಿದ್ದಾರೆ. ಮನೆಯೊಳಗಿನ ಜವಳನ್ನು ಯಾರೂ ಬರೆಯಲಿಲ್ಲ. ಕಬ್ಬನ್ನು ನಾನು ಹಳಿಯುತ್ತಿಲ್ಲ. ನನ್ನನ್ನು ಧಾರವಾಡಕ್ಕೆ ಕಳಿಸಿ ಓದಿಸಿದ್ದು ಕಬ್ಬಿನ ಬಿಲ್ಲೇ.

೧೯೭೨ರ ಬರಗಾಲದಲ್ಲಿ ನನಗೆ ಹದಿನಾಲ್ಕು ವರ್ಷ. ಮೂರು ವರ್ಷದ ಹಿಂದೆ ತುಂಬಿಸಿದ್ದ ಹಗೇವನ್ನು ಅಜ್ಜ ತೆಗೆಸಿದ. ದೀಪ ಆರಲಿಲ್ಲ. ಆದರೆ ಇಳಿದ ಆಳು ಮೊದಲ ಬುಟ್ಟಿಯನ್ನು ಮೇಲೆ ಕಳಿಸುವ ಮುನ್ನವೇ ಮುಗ್ಗಲು ವಾಸನೆ ಪಡಸಾಲೆಯನ್ನೆಲ್ಲ ತುಂಬಿತು. ಹಿತ್ತಲ ಕಡೆಯ ಮಗ್ಗುಲಿನ ಜೋಳ ಕರ್ರಗೆ ಹೆಂಟೆಗಟ್ಟಿತ್ತು. ಕಾಲು ಪಾಲು ಹೋಗಿತ್ತು. ಹಿತ್ತಲಿನ ಆಚೆ ಇದ್ದದ್ದು ಕಬ್ಬಿನ ಹೊಲ, ನಮ್ಮದೇ. ಮುಗಿಲಲ್ಲಿ ಹನಿ ನೀರಿಲ್ಲದ ವರ್ಷ ಹಗೇವಿನಲ್ಲಿ ನೀರು! ಅಜ್ಜ ಒಂದು ಹಿಡಿ ತೆಗೆದು ಮೂಸಿ, "ನೆಲಾ ಹಸಿ ಹಿಡೀತು, ಇನ್ನ ಇದರ ಕೆಲಸಾ ಮುಗೀತು" ಎಂದ. ಮರುವರ್ಷ ಅದಕ್ಕೆ ಕಲ್ಲುಮಣ್ಣು ತುಂಬಿಸಿದ. ಬಾಯಿಕಲ್ಲನ್ನು ಮಾತ್ರ ತಳಘರದ ಮೆಟ್ಟಿಲಿಗೆ ಒರಗಿಸಿಟ್ಟ. ಓಣಿಯ ಹಗೇವುಗಳೆಲ್ಲ ಹೆಚ್ಚುಕಡಿಮೆ ಅದೇ ಕಾಲಕ್ಕೆ ಮುಚ್ಚಿದವು.

ಇದು ನಮ್ಮೊಂದೇ ಊರಿನ ಗತಿಯಲ್ಲ. ಮಿರಜ ದಾಟಿ ಸಾಂಗಲಿಗೆ ಹೋದರೆ, ಕೃಷ್ಣೆಗೆ ವಾರಣೆ ಕೂಡುವಲ್ಲಿ ಹರಿಪುರವಿದೆ; 'ಶಾರದಾ' ನಾಟಕದ ಗೋವಿಂದ ಬಲ್ಲಾಳ ದೇವಲರ ಊರು. ಅಲ್ಲಿಯ ನೆಲದೊಳಗಿನ ಕುಣಿಗಳಿಗೆ ಮರಾಠಿಯಲ್ಲಿ ಪೇವ್ ಎನ್ನುತ್ತಾರೆ; ನಮ್ಮ ಹಗೇವಿನ ನೆರಳು ಆ ಶಬ್ದದಲ್ಲಿದೆ ಎಂದು ನನ್ನ ಎಣಿಕೆ. ಅವರು ತುಂಬುತ್ತಿದ್ದದ್ದು ಅರಿಸಿನ. ಸಾಂಗಲಿಯ ಅರಿಸಿನ ಪೇಟೆ ಹೆಸರಾದದ್ದರಲ್ಲಿ ಈ ಪೇವುಗಳ ಪಾಲೂ ಇದೆ. ವರ್ಷಗಟ್ಟಲೆ ಇಟ್ಟರೂ ಹುಳು ಬೀಳದೆ ಬಣ್ಣ ಕೆಡದೆ ಉಳಿಯುತ್ತಿತ್ತು. ೨೦೦೫ರ ಮಹಾಪೂರದಲ್ಲಿ ಪೇವುಗಳಿಗೆ ನೀರು ನುಗ್ಗಿತು. ಅರಿಸಿನ ಕೊಳೆಯಿತು, ವ್ಯಾಪಾರಿಗಳು ನೆಲದ ಮೇಲಿನ ಗೋದಾಮುಗಳಿಗೂ ಶೈತ್ಯಾಗಾರಗಳಿಗೂ ತಿರುಗಿದರು. ೨೦೧೮ರಲ್ಲಿ ಸಾಂಗಲಿ ಅರಿಸಿನಕ್ಕೆ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆಯುವ ಹೊತ್ತಿಗೆ ಪೇವುಗಳ ವೈಭವ ಮುಗಿದಿತ್ತು.

ಅದೇ ೨೦೧೮ರಲ್ಲಿ ನಾನು ನಿವೃತ್ತನಾಗಿ ಊರಿಗೆ ಬಂದೆ. ಮನೆಯ ಮೇಲ್ಭಾಗವೆಲ್ಲ ತಮ್ಮನ ಸಂಸಾರಕ್ಕೆ ಸರಿಹೋಗಿತ್ತು. ಪುಸ್ತಕಗಳಿಗೆ ಉಳಿದದ್ದು ಪಡಸಾಲೆಯ ಕೆಳಗಿನ ತಳಘರ. ಕಲ್ಲಿನ ಗೋಡೆ, ಹಳೆಯ ಗಚ್ಚು ಅಲ್ಲಲ್ಲಿ ಉದುರಿತ್ತು, ಬುಡದಲ್ಲಿ ಬಿಳಿಯ ಉಪ್ಪು ಹತ್ತಿತ್ತು. ಹಗೇವಿನ ಕಥೆ ಬಲ್ಲ ನಾನು ಅಲ್ಲಿ ಎಚ್ಚರಗೊಳ್ಳಬೇಕಿತ್ತು. ಆಗಲಿಲ್ಲ. ಪಟ್ಟಣದಿಂದ ಬಂದ ಗುತ್ತಿಗೆದಾರರೊಬ್ಬರು ಹಳೆಯ ಗಚ್ಚನ್ನೆಲ್ಲ ಕೆತ್ತಿಸಿ ಸಿಮೆಂಟಿನ ಗಿಲಾಯಿ ಮಾಡಿಸಿದರು. ಅದರ ಮೇಲೆ ಜಲನಿರೋಧಕ ಲೇಪ, ಅದರ ಮೇಲೆ ಮರದ ಹಲಗೆಯ ಹೊದಿಕೆ, ನೆಲಕ್ಕೆ ಹೊಳೆಯುವ ಟೈಲ್ಸು. ದೀಪಾವಳಿಗೆ ಕೋಣೆ ನೋಡುವಂತಿತ್ತು. ಮೂವತ್ತು ವರ್ಷ ಕೂಡಿಟ್ಟ ಪುಸ್ತಕಗಳು, ವಿದ್ಯಾರ್ಥಿದೆಸೆಯಲ್ಲಿ ಧಾರವಾಡದಲ್ಲಿ ಗುರುಗಳ ಪಾಠ ಕೇಳಿ ಬರೆದುಕೊಂಡ ಟಿಪ್ಪಣಿಯ ವಹಿಗಳು ಎಲ್ಲ ಕೆಳಗಿಳಿದವು.

೨೦೧೯ರ ಆಗಸ್ಟಿನಲ್ಲಿ ಕೃಷ್ಣೆ ಏರಿದ್ದು ತಮಗೆಲ್ಲ ನೆನಪಿರಬಹುದು. ನಮ್ಮ ಓಣಿಗೆ ಹೊಳೆಯ ನೀರು ಬರಲಿಲ್ಲ. ಬಾಗಿಲಲ್ಲಿ ಮರಳಿನ ಚೀಲ ಒಟ್ಟಿ ನಾವು ನಿಶ್ಚಿಂತರಾಗಿದ್ದೆವು. ನೀರು ಬಾಗಿಲಿನಿಂದ ಬರಲಿಲ್ಲ, ನೆಲದಿಂದ ಬಂತು. ಟೈಲ್ಸಿನ ಸಂದುಗಳಲ್ಲಿ ಮೊದಲು ಕಣ್ಣೀರಿನಂತೆ ಒಸರಿ, ಸಂಜೆಗೆ ಪಾದ ಮುಳುಗಿಸಿ, ಮರುದಿನ ಮೊಣಕಾಲಿಗೆ ಬಂತು. ಇಳಿದ ಮೇಲೆ ಹಲಗೆ ಕಿತ್ತು ನೋಡಿದರೆ ಹಿಂದೆ ಕಪ್ಪು ಬೂಸು. ಅದು ಎರಡು ದಿನದ ಬೂಸಲ್ಲ, ಇಡೀ ವರ್ಷದ್ದು. ಮಹಾಪೂರ ಬಾರದಿದ್ದರೂ ಪುಸ್ತಕಗಳು ಹೋಗುತ್ತಿದ್ದವು, ಇನ್ನಷ್ಟು ನಿಧಾನವಾಗಿ. ಕೆಳಗಿನ ಎರಡು ಸಾಲು ಪುಸ್ತಕ ಅಂಟಿಕೊಂಡು ಇಟ್ಟಿಗೆಗಳಾದವು. ಟಿಪ್ಪಣಿಯ ವಹಿಗಳಲ್ಲಿ ಶಾಯಿ ಹರಡಿ ನೀಲಿಯೊಂದೇ ಉಳಿಯಿತು. ಪುಸ್ತಕವನ್ನು ಮತ್ತೆ ಕೊಳ್ಳಬಹುದು. ಆ ಗುರುಗಳು ಈಗಿಲ್ಲ.

ನಮ್ಮೂರ ಹಿರಿಯ ಗೌಂಡಿಯೊಬ್ಬರು ಬಂದು ನೋಡಿದರು. ನಾವು ಚಿಕ್ಕಂದಿನಿಂದ ಅವರನ್ನು ಕಾಕಾ ಎನ್ನುವವರು. ಗೋಡೆಗೆ ಅಂಗೈ ಒತ್ತಿ, "ತಮ್ಮಾ, ಗ್ವಾಡಿ ಬಾಯಿ ಮುಚ್ಚೀರಿ. ಅದು ಎಲ್ಲಿಂದ ಉಸರಾಡಬೇಕು?" ಎಂದರು. ಕಲ್ಲಿನ ಸಂದಿಯ ಹಳೆಯ ಮಣ್ಣು ನೆಲದ ನೀರನ್ನು ಹೀರಿ ಮೇಲೇರಿಸುತ್ತದೆ, ದೀಪದ ಬತ್ತಿ ಎಣ್ಣೆ ಏರಿಸಿದಂತೆ. ಸುಣ್ಣದ ಗಚ್ಚು ಆ ತೇವವನ್ನು ಅಷ್ಟಷ್ಟಾಗಿ ಗಾಳಿಗೆ ಬಿಟ್ಟುಕೊಡುತ್ತದೆ. ಸಿಮೆಂಟು ಬಿಡುವುದಿಲ್ಲ. ಹಿಂದೆ ಕೂಡಿದ ನೀರು ಉಪ್ಪನ್ನು ಹೊತ್ತು, ಆ ಉಪ್ಪು ಹರಳುಗಟ್ಟಿ ಉಬ್ಬಿ, ಲೇಪವನ್ನು ಸಿಪ್ಪೆಯಂತೆ ಎಬ್ಬಿಸುತ್ತದೆ. ಕೋಣೆಯ ಒಳಮೈಗೆ ಎಂಥ ಲೇಪ ಬಳಿದರೂ ಹೊರಗಿನ ನೀರು ಅದನ್ನು ಒಳಗೆ ನೂಕುತ್ತಲೇ ಇರುತ್ತದೆ. ಲೇಪ ಹಚ್ಚಬೇಕಾದದ್ದು ನೀರಿರುವ ಹೊರಮೈಗೆ. ಅದು ಹೊಸ ಮನೆಗೆ ಸಾಧ್ಯ, ನೂರು ವರ್ಷದ ಮನೆಯ ಗೋಡೆಯನ್ನು ಹೊರಗಿನಿಂದ ಬಗೆಯುವುದು ಅಪಾಯ.

ಆದ್ದರಿಂದ ಕಾಕಾ ಮೊದಲು ಕೈಹಚ್ಚಿದ್ದು ತಳಘರಕ್ಕಲ್ಲ, ಮಾಳಿಗೆಗೆ. ಮಾಳಿಗೆಯ ನೀರು ಗೋಡೆಯ ಬುಡಕ್ಕೇ ಬೀಳುತ್ತಿತ್ತು. ಅದನ್ನು ಪೈಪಿನಿಂದ ಓಣಿಯ ಗಟಾರಕ್ಕೆ ತಿರುಗಿಸಿದರು. ಹಿತ್ತಲಲ್ಲಿ, ಗೋಡೆಯಿಂದ ನಾಲ್ಕು ಮಾರು ದೂರ, ಆಳವಾದ ಕಾಲುವೆ ತೋಡಿ ಖಡಿ ತುಂಬಿ ತಗ್ಗಿನ ಕಡೆ ಇಳಿಜಾರು ಕೊಟ್ಟರು. ಹೊಲದ ಜವಳು ತೆಗೆಯಲು ರೈತರು ಮಾಡುವ ಬಸಿಗಾಲುವೆಯೇ ಅದು. ಒಳಗೆ ಸಿಮೆಂಟನ್ನೆಲ್ಲ ಕೆತ್ತಿ ಎರಡು ಬೇಸಗೆ ಗೋಡೆಯನ್ನು ಬೆತ್ತಲೆ ಬಿಟ್ಟರು. ಆಮೇಲೆ ಸುಣ್ಣ, ಇಟ್ಟಿಗೆಪುಡಿಯ ಗಿಲಾಯಿ. ನೆಲಕ್ಕೆ ಖಡಿಯ ಹಾಸು, ಅದರ ಮೇಲೆ ಪ್ಲಾಸ್ಟಿಕ್ ಹಾಳೆ, ಮೇಲೆ ಶಹಾಬಾದ ಫರಸಿ. ಗೋಡೆಯ ಬುಡದುದ್ದಕ್ಕೆ ಗೇಣಗಲದ ಕಾಲುವೆ, ಮೂಲೆಯಲ್ಲೊಂದು ಗುಂಡಿ, ಗುಂಡಿಗೊಂದು ಚಿಕ್ಕ ಪಂಪು. ವಿಟ್ರುವಿಯಸ್ಸನ ಹೆಸರನ್ನೇ ಕೇಳದ ಕಾಕಾ ನೀರಿಗೆ ಬಿಟ್ಟ ಈ ದಾರಿಯನ್ನು ನೋಡಿ ನನಗೆ ಮಾತು ಹೊರಡಲಿಲ್ಲ.

ತಿಳಿಯದೆ ನಾನು ಮಾಡುತ್ತಿದ್ದ ಇನ್ನೊಂದು ತಪ್ಪನ್ನೂ ಹೇಳಿಬಿಡಬೇಕು. ಕೋಣೆ ಒಣಗಲೆಂದು ಮಳೆಗಾಲದಲ್ಲಿ ಕಿಟಕಿಯನ್ನು ಹಗಲೆಲ್ಲ ತೆರೆದಿಡುತ್ತಿದ್ದೆ. ಆಷಾಢದ ಗಾಳಿಯಲ್ಲಿ ನೀರಿನ ಆವಿ ತುಂಬಿರುತ್ತದೆ. ತಣ್ಣನೆಯ ತಳಘರಕ್ಕೆ ಬಂದರೆ, ತಣ್ಣೀರು ತುಂಬಿದ ತಂಬಿಗೆ ಬೆವರಿದಂತೆ ಗೋಡೆ ಬೆವರುತ್ತದೆ. ಗೋಡೆಯ ಹಸಿ ಒಳಗಿನದೋ ಗಾಳಿಯದೋ ಎಂದು ತಿಳಿಯಲು ಒಂದು ಸುಲಭ ಪರೀಕ್ಷೆಯಿದೆ. ಅಂಗೈ ಅಗಲದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಅಂಚು ಅಂಟಿಸಿ ಒಂದೆರಡು ದಿನ ಬಿಡುವುದು. ಹಾಳೆಯ ಹಿಂದೆ ಹನಿ ಕಂಡರೆ ನೀರು ಗೋಡೆಯದು, ಮುಂದೆ ಕಂಡರೆ ಗಾಳಿಯದು. ನನ್ನ ಗೋಡೆಯಲ್ಲಿ ಎರಡೂ ಕಡೆ ಇತ್ತು!

೨೦೨೧ರ ಜುಲೈಯಲ್ಲಿ ಹೊಳೆ ಮತ್ತೆ ಏರಿತು. ತಳಘರದಲ್ಲಿ ಮತ್ತೆ ನೀರು ಬಂತು, ಗೇಣುದ್ದ. ನಾನು ದೊಡ್ಡ ಪಂಪು ತರಿಸಲು ಹೊರಟೆ. ಕಾಕಾ ತಡೆದರು. ಹೊರಗಿನ ಮಣ್ಣು ನೀರು ಕುಡಿದು ಒತ್ತುತ್ತಿರುವಾಗ ಒಳಗಿನ ನೀರನ್ನು ಒಮ್ಮೆಲೇ ಎತ್ತಿದರೆ ಗೋಡೆ ಒಳಗೆ ಬೀಳುತ್ತದೆ, ನೆಲ ಮೇಲೇಳುತ್ತದೆ. ಹೊಳೆ ಇಳಿದಷ್ಟು ಇಳಿಸಬೇಕು. ಹಾಗೆಯೇ ದಿನಕ್ಕಿಷ್ಟರಂತೆ ಇಳಿಸಿದೆವು. ಎಂಟು ದಿನಕ್ಕೆ ಫರಸಿ ಕಂಡಿತು, ದಸರೆಯ ಹೊತ್ತಿಗೆ ಗೋಡೆ ಒಣಗಿತು. ಸಿಮೆಂಟಿನ ಕಾಲದಲ್ಲಾಗಿದ್ದರೆ ಮುಂದಿನ ಯುಗಾದಿಗೂ ಒಣಗುತ್ತಿರಲಿಲ್ಲ.

ಪುಸ್ತಕಗಳು ಈಗ ಮೇಲಿವೆ, ತಮ್ಮನ ಮಗನ ಕೋಣೆಯಲ್ಲಿ. ತಳಘರದಲ್ಲಿ ತಾಮ್ರದ ಹಂಡೆ, ಕೊಪ್ಪರಿಗೆಗಳಿವೆ, ಬೇಸಗೆಯ ಮಧ್ಯಾಹ್ನ ಮಲಗಲು ಒಂದು ಹೊರಸು ಇದೆ. ಅಜ್ಜ ಒರಗಿಸಿಟ್ಟ ಹಗೇವಿನ ಬಾಯಿಕಲ್ಲು ಈಗಲೂ ಅದೇ ಮೆಟ್ಟಿಲ ಬದಿಯಲ್ಲಿದೆ. ಪ್ರತಿ ವರ್ಷ ಮಿರಗದ ಮಳೆಗೆ ಮುಂಚೆ ಕಾಕಾ ಕೋಲೂರಿಕೊಂಡು ಇಳಿದು ಬಂದು, ಆ ಕಲ್ಲಿನ ಮೇಲೆ ಕುಳಿತು, ಕಾಲುವೆಯ ಕಸ ತೆಗೆದಿದ್ದೇನೋ ಇಲ್ಲವೋ ಎಂದು ನೋಡುತ್ತಾರೆ. ಈ ವರ್ಷ ಕಿಟಕಿ ಮುಚ್ಚಿರುವುದನ್ನು ನೋಡಿ, "ಮಾಸ್ತರ ಕಲೀಲಿಕ್ಕತ್ಯಾರ" ಎಂದು ನನ್ನ ತಮ್ಮನಿಗೆ ಹೇಳಿ ಹೋದರಂತೆ.